ನನ್ನನ್ನು ಸ್ವಂತ ವಾಕ್ಯದಲ್ಲಿ ಬಳಸಿ

ಹೈಸ್ಕೂಲು ಮಕ್ಕಳ ಬಾಯಿಂದ ಇಂಗ್ಲಿಷನ್ನು ಹೊರಡಿಸಿಯೇ ತೀರುತ್ತೇನೆ ಎಂದು ಕಳೆದ ಜೂನ್ ತಿಂಗಳಲ್ಲಿ ನಾನೊಂದು ಭೀಷ್ಮಪ್ರತಿಜ್ಞೆ ಮಾಡಿದೆ. ಭೀಷ್ಮನಿಗಾದರೋ ಆಕಾಶದಿಂದ ಹೂಮಳೆ ಸುರಿದಿತ್ತಂತೆ. ನನಗೆ ಆಲ್ಕೊಳ ಸರ್ಕಲ್ಲಿನ ಬಾಡಿಗೆ ಕಟ್ಟಡದ ಎರಡನೇ ಮಹಡಿಯಲ್ಲಿ ಸುರಿದದ್ದು ಫ್ಯಾನಿನ ಧೂಳು ಮಾತ್ರ!

ನನ್ನ ಹೆಸರು ಯೋಗರಾಜ್. ಹೆಸರಿನಲ್ಲಿ ಯೋಗವೂ ಇದೆ, ರಾಜನೂ ಇದ್ದಾನೆ. ಮನುಷ್ಯನಲ್ಲಿ ಎರಡೂ ಇಲ್ಲ. ಶಿವಮೊಗ್ಗದ ‘ಸುಲಲಿತ ಇಂಗ್ಲಿಷ್ ಕೇಂದ್ರ’ದಲ್ಲಿ ಮೇಷ್ಟ್ರು. ಬೆಳಿಗ್ಗೆ ಇಂಟರ್‌ವ್ಯೂಗೆ ಹೋಗುವವರಿಗೆ ಧೈರ್ಯ ಹೇಳುತ್ತೇನೆ, ಮಧ್ಯಾಹ್ನ ಪಿಯುಸಿಯಲ್ಲಿ ಇಂಗ್ಲಿಷ್ ಹೋದವರಿಗೆ ಸಮಾಧಾನ ಹೇಳುತ್ತೇನೆ, ಸಂಜೆ ಹೈಸ್ಕೂಲು ಮಕ್ಕಳಿಗೆ ಪಾಠ ಹೇಳುತ್ತೇನೆ. ಭಾನುವಾರ ರಜೆ. ಅಂದರೆ ಅಂದು ಪಾಠ ಇಲ್ಲ, ಕುಂಸಿಯಿಂದ ಹಿಡಿದು ಸುತ್ತಲ ಊರುಗಳಲ್ಲಿ ಅಡ್ಮಿಷನ್ನಿಗಾಗಿ ಪಾಂಪ್ಲೆಟ್ ಹಂಚುವ ಕೆಲಸ ಮಾತ್ರ ಇರುತ್ತದೆ. ಮನೆ ಇರುವುದು ಭದ್ರಾವತಿಯ ಓಲ್ಡ್ ಟೌನಿನಲ್ಲಿ. ಮೊದಲ ಬಸ್ಸಿಗೆ ಹೊರಡುತ್ತೇನೆ, ಸರಿಸುಮಾರು ಕೊನೆಯ ಬಸ್ಸಿಗೆ ಮರಳುತ್ತೇನೆ. ಇದನ್ನು ಊರಲ್ಲಿರುವ ನನ್ನ ಅಪ್ಪ ‘ಮಗ ಸೆಟ್ಲ್ ಆಗಿದ್ದಾನೆ’ ಎನ್ನುತ್ತಾರೆ.

ಈ ನಡುವೆ ನಮ್ಮ ಓನರ್ ಚಂದ್ರಹಾಸ ಸರ್ ಭದ್ರಾವತಿಯಲ್ಲಿ ಒಂದು ಬ್ರಾಂಚ್ ತೆರೆಯುವುದಾಗಿ ಘೋಷಿಸಿದರು. ಎಲ್ಲಿ? ನಮ್ಮ ಮನೆಯಿಂದ ನಡೆದೇ ಹೋಗುವಷ್ಟು ದೂರದಲ್ಲಿ! ಅಲ್ಲಿನ ಇನ್‌ಚಾರ್ಜ್ ಹುದ್ದೆಗೆ ಇಬ್ಬರು ಹುರಿಯಾಳುಗಳು. ನಾನು ಮತ್ತು ನನ್ನ ಸಹೋದ್ಯೋಗಿ ಕಾಂತರಾಜ್. ಕಾಂತರಾಜನ ವಿಶೇಷ ಅರ್ಹತೆಯೆಂದರೆ, ಓನರ್ ಜೋಕು ಮುಗಿಸುವ ಮೊದಲೇ ಅವನಿಗೆ ನಗು ಬರುತ್ತದೆ. ನನಗೆ ಮುಗಿದ ಮೇಲೆ ಬರುತ್ತದೆ. ವ್ಯತ್ಯಾಸ ಸಣ್ಣದು, ಆದರೆ ಇಂಥದರ ಮೇಲೇ ಸಾಮ್ರಾಜ್ಯಗಳು ಎದ್ದಿವೆ, ಬಿದ್ದಿವೆ.

ನನಗೆ ಆ ಹುದ್ದೆಯ ಕುರ್ಚಿಯ ಮೇಲೆ ಆಸೆ ಇರಲಿಲ್ಲ. ಆಸೆ ಇದ್ದದ್ದು ಸಂಜೆಯ ಮೇಲೆ. ನಮ್ಮ ಇಂಪನಾಗೆ ಈಗ ನಾಲ್ಕು ವರ್ಷ. ನಾನು ಹೊರಡುವಾಗ ಅವಳಿಗಿನ್ನೂ ಬೆಳಗಾಗಿರುವುದಿಲ್ಲ, ನಾನು ಬರುವಾಗ ಅವಳಿಗೆ ರಾತ್ರಿ ಮುಗಿದಿರುತ್ತದೆ. ಅವಳ ಕೈಗೆ ಒಂದು ತುತ್ತು ಅನ್ನ ಇಟ್ಟು ‘ಕಾಗೆ ಬಂತು ನೋಡು’ ಅನ್ನಬೇಕು, ಅಷ್ಟೇ ನನ್ನ ಮಹತ್ವಾಕಾಂಕ್ಷೆ. ಹೆಂಡತಿ ಶೀಲಾ ಏನೇ ಕೇಳಲಿ, ನನ್ನ ಬಳಿ ಒಂದೇ ಉತ್ತರ ಸಿದ್ಧವಿರುತ್ತಿತ್ತು.

‘ರೀ, ಮಗೂನ ಅಂಗನವಾಡಿಗೆ ಒಂದಿನಾನಾದ್ರೂ ನೀವು ಬಿಟ್ಟು ಬರ್ತೀರಾ?’

‘ಬ್ರಾಂಚ್ ಆಗ್ಲಿ, ಮಾರಾಯ್ತಿ.’

‘ಅಮ್ಮನ ಮನೆಗೆ ಮೂರು ಜನಾನೂ ಒಟ್ಟಿಗೆ ಹೋಗಿ ಬರೋಣ?’

‘ಬ್ರಾಂಚ್ ಆಗ್ಲಿ.’

‘ನಾನು ಬಿಎ ಮಾಡಿರೋದು ಮರ್ತೇ ಹೋಗ್ತಿದೆ ಕಣ್ರೀ. ಏನಾದ್ರೂ ಕೆಲಸ...’

‘ಬ್ರಾಂಚ್!’

ಚಂದ್ರಹಾಸ ಸರ್ ನಿಯಮ ಸರಳವಾಗಿತ್ತು. ಪೇರೆಂಟ್ಸ್ ಡೇ ದಿನ ಯಾರ ಮಕ್ಕಳು ವೇದಿಕೆಯ ಮೇಲೆ ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಾರೋ ಅವರ ಮೇಷ್ಟ್ರಿಗೆ ಭದ್ರಾವತಿ. ನನ್ನ ಪ್ರತಿಜ್ಞೆ ಹುಟ್ಟಿದ್ದು ಅಲ್ಲಿ.

ಆ ತಿಂಗಳ ಪಾಠದಲ್ಲಿ ಮೂರು ಸಂಗತಿಗಳಿದ್ದವು. ಒಂದು, ‘ಗಿವ್ ಇನ್’, ‘ಪುಟ್ ಆಫ್’ ಥರದ ಜೋಡಿ ಕ್ರಿಯಾಪದಗಳು. ಇಂಗ್ಲಿಷರು ಸುಮ್ಮನಿದ್ದ ಕ್ರಿಯಾಪದದ ಬಾಲಕ್ಕೆ ಒಂದು ತುಂಡು ಪದ ಕಟ್ಟಿ ಅರ್ಥವನ್ನೇ ಬೇರೆ ಊರಿಗೆ ಕಳಿಸುತ್ತಾರಲ್ಲ, ಅವು. ಎರಡು, ಬೋರಿಂಗ್–ಬೋರ್ಡ್ ಥರದ ವಿಶೇಷಣಗಳು. ಬೋರು ಹೊಡೆಸುವವನು ಮೊದಲನೆಯದು, ಹೊಡೆಸಿಕೊಳ್ಳುವವನು ಎರಡನೆಯದು. ಮೂರು, ಅವನಿಗಿಂತ ಇವನು ದೊಡ್ಡವನು, ಇವನಿಗಿಂತ ಅವನು ಸಣ್ಣವನು ಎನ್ನುವ ಹೋಲಿಕೆ. ಬೋರ್ಡಿನ ಮೇಲೆ ಎಲ್ಲವನ್ನೂ ಮುತ್ತಿನಂಥ ಅಕ್ಷರದಲ್ಲಿ ಬರೆದು, ‘ಎಲ್ಲಿ, ಸ್ವಂತ ವಾಕ್ಯದಲ್ಲಿ ಬಳಸಿ!’ ಎಂದು ಗುಡುಗಿದೆ.

ಕುಂಸಿಯಿಂದ ಬರುವ ದುಶ್ಯಂತ್ ಎದ್ದ. ‘ಮೈ ಫಾದರ್ ಈಸ್ ಟಾಲರ್ ದ್ಯಾನ್ ಮೈ ಮದರ್.’

ಸರಿ, ಅಪ್ಪ ಅಮ್ಮನಿಗಿಂತ ಎತ್ತರ. ಮುಂದೆ ನವ್ಯಾ ಎದ್ದಳು. ‘ಮೈ ಮದರ್ ಈಸ್ ಶಾರ್ಟರ್ ದ್ಯಾನ್ ಮೈ ಫಾದರ್.’ ಅಮ್ಮ ಅಪ್ಪನಿಗಿಂತ ಕುಳ್ಳಿ. ಇಡೀ ತರಗತಿಯ ಅಪ್ಪಂದಿರು ಎತ್ತರವಾದರು, ಅಮ್ಮಂದಿರು ಗಿಡ್ಡವಾದರು. ಜೋಡಿ ಕ್ರಿಯಾಪದ ಕೇಳಿದರೆ ಎಲ್ಲರೂ ‘ವೇಕ್ ಅಪ್’, ‘ಗೆಟ್ ಅಪ್’, ‘ಸಿಟ್ ಡೌನ್’. ಎಚ್ಚರಾಗುತ್ತಾರೆ, ಏಳುತ್ತಾರೆ, ಕೂರುತ್ತಾರೆ. ಆಮೇಲೆ ಇಡೀ ದಿನ ಏನೂ ಮಾಡುವುದಿಲ್ಲ!

‘ನಿಮ್ಮ ಮನೇಲಿ ಬೇರೇನೂ ನಡೆಯೋದೇ ಇಲ್ವೇನ್ರೋ? ಸುಸ್ತು ಮಾಡೋವಂಥದ್ದು, ಸಿಟ್ಟು ಬರಿಸೋವಂಥದ್ದು ಏನೂ ಇಲ್ವಾ?’

‘ಇದೆ ಸರ್,’ ಎಂದ ದುಶ್ಯಂತ್. ‘ಅಪ್ಪ ಇದಾರೆ.’

‘ಹೇಳು ಮತ್ತೆ!’

‘ಹೆಂಗ್ ಸರ್ ಹೇಳೋದು? ಅಪ್ಪ ಅಲ್ವಾ?’

‘ಚಿಕ್ಕಪ್ಪನ ಮೇಲೆ ಹೇಳು.’

‘ಅಯ್ಯೋ! ಚಿಕ್ಕಪ್ಪನಿಗಿಂತ ದೊಡ್ಡಪ್ಪ ಒಳ್ಳೆಯವರು ಅಂತ ಬಾಯಿಬಿಟ್ರೆ ನಾಳೆ ಬೆಳಿಗ್ಗೆ ಮನೆ ಪಾಲಾಗುತ್ತೆ ಸರ್. ಅಜ್ಜ ಇರೋವರೆಗೂ ನಮ್ಮನೇಲಿ ಎಲ್ರೂ ಒಂದೇ ಸಮ.’

ಆಗ ಹೊಳೆಯಿತು. ತಪ್ಪು ಇಂಗ್ಲಿಷಿನದ್ದಲ್ಲ! ಹೋಲಿಸುವುದೇ ಮಹಾಪಾಪವಾಗಿರುವ ಮನೆಗಳಿಂದ ಬಂದ ಮಕ್ಕಳಿಗೆ ನಾನು ಹೋಲಿಕೆಯ ಪಾಠ ಹೇಳುತ್ತಿದ್ದೇನೆ. ಹಿರಿಯರನ್ನು ಅನ್ನುವ ಹಾಗಿಲ್ಲ, ನೆಂಟರನ್ನು ಅನ್ನುವ ಹಾಗಿಲ್ಲ, ಪಕ್ಕದ ಮನೆಯವರನ್ನು ಅಂದರೆ ಅವರ ಮಗಳು ಇದೇ ಬ್ಯಾಚಿನಲ್ಲಿ ಕೂತಿರುತ್ತಾಳೆ. ಇನ್ನುಳಿದವರು ಯಾರು? ನನ್ನೊಳಗಿನ ದಧೀಚಿ ಜಾಗೃತನಾದ. ಲೋಕಕಲ್ಯಾಣಕ್ಕಾಗಿ ನನ್ನ ಬೆನ್ನೆಲುಬನ್ನೇ ದಾನ ಮಾಡಲು ಮುಂದಾದೆ. ಅದು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುವುದನ್ನು ಮರೆತೆ.

‘ನನ್ನ ಮೇಲೆ ಹೇಳಿ!’ ಎಂದೆ. ‘ಇವತ್ತಿಂದ ನಿಮ್ಮ ಎಲ್ಲ ವಾಕ್ಯಕ್ಕೂ ನಾನೇ ವಸ್ತು. ಯೋಗರಾಜ್ ಸರ್!’

ಮಕ್ಕಳು ನಾಲಗೆ ಕಚ್ಚಿಕೊಂಡರು. ನವ್ಯಾ ಅಂತೂ ಕೆನ್ನೆ ಕೆನ್ನೆ ಬಡಿದುಕೊಂಡಳು. ‘ಗುರುಗಳು ಸರ್ ನೀವು! ನಿಮ್ಮ ಮೇಲೆ ಹೆಂಗೆ...’

‘ಗುರು ಹೇಳಿದ್ದು ಮಾಡ್ಬೇಕೋ ಬೇಡ್ವೋ?’

‘ಮಾಡ್ಬೇಕು ಸರ್.’

‘ಇದು ಗುರುವಿನ ಆಜ್ಞೆ!’

ಅಲ್ಲಿಗೆ ಮುಗಿಯಿತು. ನಮ್ಮ ಕಡೆಯ ಮಕ್ಕಳಿಗೆ ಆಜ್ಞೆ ಅಂದರೆ ಆಜ್ಞೆಯೇ. ಬೈಯಬೇಡ ಎಂದರೆ ಬೈಯುವುದಿಲ್ಲ; ಬೈ ಎಂದು ಗುರುವೇ ಹೇಳಿದರೆ ಭಕ್ತಿಯಿಂದ, ಶ್ರದ್ಧೆಯಿಂದ, ಒಂದಕ್ಷರ ಬಿಡದೆ ಬೈಯುತ್ತಾರೆ.

ಮೊದಲ ದಿನ ‘ಸರ್ ಬೋರ್ಡಿಗಿಂತ ಗಿಡ್ಡ’, ‘ಸರ್ ಅಂಗಿ ಸರ್‌ಗಿಂತ ದೊಡ್ಡದು’ ಎಂದು ಬಂತು. ನನಗೆ ಸಾಲಲಿಲ್ಲ. ‘ಇದೆಲ್ಲ ಕಣ್ಣಿಗೆ ಕಾಣೋದು ಕಣ್ರೋ. ಒಳಗಿಂದು ಬೇಕು. ವಿಚಾರಿಸಿ, ತಿಳ್ಕೊಳ್ಳಿ, ಸಂಶೋಧನೆ ಮಾಡಿ!’ ಎಂದೆ. ಕಾಂತರಾಜನನ್ನು ಕೇಳುತ್ತಾರೆ, ಅವನು ಹೊಟ್ಟೆಕಿಚ್ಚಿಗೆ ಒಂದೆರಡು ಮಾತಾಡುತ್ತಾನೆ, ಅದರಿಂದ ನನ್ನ ಘನತೆಯೇ ಹೆಚ್ಚುತ್ತದೆ, ಇದು ನನ್ನ ಲೆಕ್ಕಾಚಾರ.

ಆದರೆ ನಮ್ಮ ಕಡೆ ಒಬ್ಬ ಮನುಷ್ಯನನ್ನು ‘ವಿಚಾರಿಸುವುದು’ ಅಂದರೆ ಅದೊಂದು ಶಾಸ್ತ್ರ. ಹೆಣ್ಣು ಕೊಡುವವರು ಗಂಡಿನ ಬಗ್ಗೆ ಗಂಡನ್ನೇ ಕೇಳುತ್ತಾರೆಯೇ? ಅವನ ಆಫೀಸಿನಲ್ಲಿ ಕೇಳುತ್ತಾರೆಯೇ? ಇಲ್ಲ! ಅವನಿಲ್ಲದ ಹೊತ್ತು ನೋಡಿ ಅವನ ಊರಿಗೆ ಹೋಗುತ್ತಾರೆ. ಮೊದಲು ಓಣಿಯ ಅಂಗಡಿ, ಆಮೇಲೆ ಪಕ್ಕದ ಮನೆ, ಕೊನೆಗೆ ಸೀದಾ ಒಳಗೆ. ಆ ಮಕ್ಕಳು ತಮ್ಮ ಅಕ್ಕಂದಿರಿಗೆಲ್ಲ ಗಂಡು ಗೊತ್ತು ಮಾಡಿದ್ದನ್ನು ನೋಡಿದವರು. ಅವರಿಗೆ ಗೊತ್ತಿದ್ದ ಸಂಶೋಧನೆ ಅದೊಂದೇ.

ಸೋಮವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ನೋಡುತ್ತೇನೆ, ಅಡುಗೆಮನೆ ಕಟ್ಟೆಯ ಮೇಲೆ ಎರಡು ಚಿಪ್ಪು ಬಾಳೆಹಣ್ಣು, ಒಂದು ಮಾರು ಮಲ್ಲಿಗೆ.

‘ಯಾರು ಬಂದಿದ್ರು?’

‘ನಿಮ್ಮ ಮಕ್ಕಳು,’ ಎಂದಳು ಶೀಲಾ.

‘ನಮಗೆ ಒಂದೇ ಅಲ್ವೇನೇ ಇರೋದು?’

‘ಶಿವಮೊಗ್ಗದ ಮಕ್ಕಳು ಕಣ್ರೀ. ಬಸ್ ಹತ್ಕೊಂಡು ಆರೇಳು ಜನ ಬಂದಿದ್ರು ಪಾಪ. ಗುರುಗಳ ಮನೆಗೆ ಬರಿಗೈಲಿ ಬರಬಾರದು ಅಂತ ಹಣ್ಣು ಬೇರೆ ತಂದಿದ್ರು. ಮಂಡಕ್ಕಿ ಒಗ್ಗರಣೆ ಮಾಡಿ ಕೊಟ್ಟೆ.’

‘ಎಷ್ಟೊತ್ತು ಇದ್ರು?’

‘ಮಧ್ಯಾಹ್ನ ಪೂರ್ತಿ.’

‘ಏನು ಕೇಳಿದ್ರು?’

‘ನೀವು ಹೆಂಗೆ ಅಂತ ಕೇಳಿದ್ರು.’

‘ನೀನೇನಂದೆ?’

‘ಇದ್ದದ್ದು ಇದ್ದ ಹಾಗೆ ಹೇಳಿದೆ.’

ನನ್ನ ಎದೆ ಉಬ್ಬಿತು. ‘ಇದ್ದದ್ದು ಇದ್ದ ಹಾಗೆ’ ಎಂಬ ಮಾತನ್ನು ಹೊಗಳಿಕೆ ಎಂದು ತಿಳಿದ ಗಂಡ ಭೂಮಿಯ ಮೇಲೆ ನಾನೊಬ್ಬನೇ ಇರಲಾರೆ ಎಂದು ಈಗ ಸಮಾಧಾನ ಮಾಡಿಕೊಳ್ಳುತ್ತೇನೆ. ಅಂದು ಬಾಳೆಹಣ್ಣೊಂದನ್ನು ಸುಲಿದು ತಿಂದು, ಬಸ್ಸಿನಲ್ಲಿ ಕಿಟಕಿ ಸೀಟೂ ಸಿಕ್ಕಿ, ದಾರಿಯುದ್ದಕ್ಕೂ ಇನ್‌ಚಾರ್ಜ್ ಆಗಿದ್ದೆ.

ಅಹಂಕಾರ ಒಂದು ಮೆಟ್ಟಿಲು ಹತ್ತಿದರೆ ಅಲ್ಲಿಗೇ ನಿಲ್ಲುವುದಿಲ್ಲವಲ್ಲ. ಸ್ಟಾಫ್ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದೆ: ‘ಸರ್, ನಾನು ಮಕ್ಕಳ ವಾಕ್ಯಗಳನ್ನ ಮೊದಲೇ ಕೇಳೋದಿಲ್ಲ, ತಿದ್ದೋದಿಲ್ಲ. ವೇದಿಕೆ ಮೇಲೆ ಹೊಚ್ಚಹೊಸದಾಗಿ ಬರ್ಲಿ! ಇನ್ನೊಂದು ಸರ್. ಪೇರೆಂಟ್ಸ್‌ಗೆ ಇಂಗ್ಲಿಷ್ ಅರ್ಥ ಆಗಲ್ಲ, ಸುಮ್ನೆ ಚಪ್ಪಾಳೆ ಹೊಡೀತಾರೆ. ಅದಕ್ಕೆ ಒಬ್ಬರು ಇಂಗ್ಲಿಷಲ್ಲಿ ಹೇಳಿದ್ದನ್ನ ಇನ್ನೊಬ್ಬರು ಕನ್ನಡದಲ್ಲಿ ಹೇಳ್ಬೇಕು. ನಾವು ಕಲಿಸಿದ್ದು ಎಲ್ಲರಿಗೂ ಗೊತ್ತಾಗ್ಲಿ!’

‘ಬ್ರಿಲಿಯಂಟ್,’ ಎಂದರು ಚಂದ್ರಹಾಸ ಸರ್.

ಓದುಗರೇ, ಆ ಕನ್ನಡ ಒಂದಿಲ್ಲದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ! ಇಂಗ್ಲಿಷ್ ಎನ್ನುವುದು ನಮ್ಮ ಸಭೆಗಳಲ್ಲಿ ಮಂತ್ರದ ಹಾಗೆ. ಯಾರಿಗೂ ತಿಳಿಯದಿರುವುದೇ ಅದರ ರಕ್ಷೆ. ಆ ರಕ್ಷೆಯನ್ನು ನನ್ನ ಕೈಯಾರೆ ಬಿಚ್ಚಿದೆ. ಕಾಂತರಾಜ್ ನನ್ನ ಬೆನ್ನು ತಟ್ಟಿ, ‘ಭದ್ರಾವತಿ ನಿಂದೇ ಬಿಡು ಮಾರಾಯ’ ಎಂದ. ಅವನ ಮುಖದಲ್ಲಿ ಬೇಸರವೇ ಇರಲಿಲ್ಲ. ನಾನು ಅದನ್ನೂ ಗಮನಿಸಲಿಲ್ಲ.

ಕಾರ್ಯಕ್ರಮದ ಹಿಂದಿನ ದಿನ ನವ್ಯಾ ಬಾಗಿಲ ಹತ್ತಿರ ನಿಂತಿದ್ದಳು. ‘ಸರ್, ಒಂದ್ಸಲ ವಾಕ್ಯ ಕೇಳ್ತೀರಾ? ಭಯ ಆಗ್ತಿದೆ.’

‘ವ್ಯಾಕರಣ ಸರಿ ಇದ್ಯಾ?’

‘ಇದೆ ಸರ್.’

‘ನಿಜಾನಾ?’

‘ನಿಜ ಸರ್. ಅದಕ್ಕೇ ಭಯ.’

‘ನಿಜ ಹೇಳೋಕೆ ಹೆದರಬಾರದಮ್ಮ!’ ಎಂದು ಹರಿಶ್ಚಂದ್ರನ ವಂಶಸ್ಥನಂತೆ ಕೈ ಎತ್ತಿ ಕಳಿಸಿದೆ.

ಆ ಭಾನುವಾರ ಆಲ್ಕೊಳದ ಸಮುದಾಯ ಭವನ ತುಂಬಿತ್ತು. ಮುಂದಿನ ಸಾಲಿನಲ್ಲಿ ದುಶ್ಯಂತನ ಅಪ್ಪ ಕರಿಯಣ್ಣ, ಹೆಗಲ ಮೇಲೆ ಹೊಸ ಟವೆಲ್ಲು, ಕೈಯಲ್ಲಿ ಮೊಬೈಲು. ಎಲ್ಲರ ಕೈಯಲ್ಲೂ ಮೊಬೈಲು. ಹಿಂದಿನ ಸಾಲಿನಲ್ಲಿ ಇಂಪನಾಳನ್ನು ಎತ್ತಿಕೊಂಡು ಶೀಲಾ. ಗಂಡನ ಪಟ್ಟಾಭಿಷೇಕ ನೋಡಲು ನಾನೇ ಕರೆಸಿದ್ದೆ. ಚಂದ್ರಹಾಸ ಸರ್ ಭಾಷಣ ಮಾಡಿದರು. ಅದು ಮುಗಿಯಿತು ಎಂದುಕೊಂಡಾಗಲೆಲ್ಲ ಮುಂದುವರಿಯುತ್ತಿತ್ತು. ಕೊನೆಗೆ ಕಾಂತರಾಜನ ಮಕ್ಕಳು ಬಂದು ಮಹಾಪುರುಷರೊಬ್ಬರ ಮೇಲೆ ಉರು ಹೊಡೆದ ಪ್ರಬಂಧ ಒಪ್ಪಿಸಿ ನಡುವೆ ಮರೆತು ಅತ್ತರು. ನನಗೆ ಒಳಗೊಳಗೇ ಸಕ್ಕರೆ ತಿಂದಂತಾಯಿತು.

ನನ್ನ ಮಕ್ಕಳು ವೇದಿಕೆ ಹತ್ತಿದರು. ಇಂಗ್ಲಿಷಿಗೆ ದುಶ್ಯಂತ್, ಕನ್ನಡಕ್ಕೆ ನವ್ಯಾ.

‘ಅವರ್ ಸರ್ ಗೆಟ್ಸ್ ಅಪ್ ಅರ್ಲಿಯರ್ ದ್ಯಾನ್ ದ ಮಿಲ್ಕ್‌ಮ್ಯಾನ್.’

‘ನಮ್ಮ ಸರ್ ಹಾಲಿನವರಿಗಿಂತ ಬೇಗ ಏಳ್ತಾರೆ!’

ಚಪ್ಪಾಳೆ! ನಾನು ಅರ್ಧ ಎದ್ದು ಕೈಮುಗಿದೆ.

‘ವಿ ಲುಕ್ಡ್ ಫಾರ್ ಸರ್ಸ್ ಹೌಸ್. ದ ಶಾಪ್‌ಕೀಪರ್ ವಾಸ್ ಸರ್‌ಪ್ರೈಸ್ಡ್.’

‘ಸರ್ ಮನೆ ಹುಡುಕ್ಕೊಂಡು ಹೋದ್ವಿ. ಓಣಿ ಅಂಗಡಿಯವರಿಗೆ ಆಶ್ಚರ್ಯ ಆಯ್ತು. ಆ ಮನೇಲಿ ಗಂಡಸರೂ ಇದಾರಾ ಅಂತ ಕೇಳಿದ್ರು!’

ನಗು. ನಾನೂ ನಕ್ಕೆ. ನಗದಿದ್ದರೆ ಚೆನ್ನಾಗಿರುವುದಿಲ್ಲವಲ್ಲ.

‘ಸರ್ ಈಸ್ ಬ್ರೇವರ್ ಇನ್ ಭದ್ರಾವತಿ ದ್ಯಾನ್ ಇನ್ ಶಿವಮೊಗ್ಗ. ದೇರ್ ಹಿ ಟೆಲ್ಸ್ ಆಫ್ ದ ಓನರ್. ಹಿಯರ್ ಹಿ ಗಿವ್ಸ್ ಇನ್ ಟು ಹಿಮ್.’

‘ಸರ್‌ಗೆ ಶಿವಮೊಗ್ಗಕ್ಕಿಂತ ಭದ್ರಾವತೀಲಿ ಧೈರ್ಯ ಜಾಸ್ತಿ. ಅಲ್ಲಿ ಓನರ್‌ಗೆ ಬೈತಾರೆ. ಇಲ್ಲಿ ಓನರ್ ಹೇಳಿದ್ದಕ್ಕೆಲ್ಲ ಹ್ಞೂಂ ಅಂತಾರೆ!’

ಸಭೆಗೆ ಸಭೆಯೇ ಹೊಟ್ಟೆ ಹಿಡಿದುಕೊಂಡಿತು. ಕರಿಯಣ್ಣ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು. ಓನರ್ ಮುಖ ನೋಡುವ ಧೈರ್ಯ ನನಗಿರಲಿಲ್ಲ. ನಾನಿದ್ದದ್ದು ಶಿವಮೊಗ್ಗದಲ್ಲಿ ನೋಡಿ!

‘ಎವ್ರಿ ಮಾರ್ನಿಂಗ್ ಹಿ ಮೇಕ್ಸ್ ಅಪ್ ಹಿಸ್ ಮೈಂಡ್ ಟು ಆಸ್ಕ್ ಫಾರ್ ಆನ್ ಇನ್‌ಕ್ರಿಮೆಂಟ್. ಎವ್ರಿ ಈವ್ನಿಂಗ್ ಹಿ ಪುಟ್ಸ್ ಇಟ್ ಆಫ್.’

‘ದಿನಾ ಬೆಳಿಗ್ಗೆ ಇನ್‌ಕ್ರಿಮೆಂಟ್ ಕೇಳೇ ಬಿಡ್ತೀನಿ ಅಂತ ಮನೆ ಬಿಡ್ತಾರೆ. ದಿನಾ ಸಂಜೆ ನಾಳೆ ಕೇಳಣ ಅಂತ ವಾಪಸ್ ಬರ್ತಾರೆ.’

‘ಓನರ್ಸ್ ಸ್ಪೀಚ್ ಈಸ್ ಬೋರಿಂಗ್. ಸರ್ ಈಸ್ ಬೋರ್ಡ್. ಬಟ್ ಹಿ ಲುಕ್ಸ್ ಇಂಟರೆಸ್ಟೆಡ್.’

‘ಓನರ್ ಭಾಷಣ ಬೋರು. ಸರ್‌ಗೆ ಬೋರಾಗಿದೆ. ಆದ್ರೆ ಮುಖ ಮಾತ್ರ ಆಸಕ್ತಿ ಇರೋ ಥರ ಇಟ್ಕೋತಾರೆ!’

ಅಯ್ಯೋ, ಎಂಥ ವಾಕ್ಯ! ಬೋರಿಂಗ್ ಎಲ್ಲಿ ಬರಬೇಕೋ ಅಲ್ಲೇ ಬಂದಿದೆ, ಬೋರ್ಡ್ ಎಲ್ಲಿ ಕೂರಬೇಕೋ ಅಲ್ಲೇ ಕೂತಿದೆ. ಒಂದು ತಪ್ಪಿಲ್ಲ! ನನ್ನ ಸೇವಾವಧಿಯಲ್ಲೇ ಇಷ್ಟು ಶುದ್ಧವಾದ ಇಂಗ್ಲಿಷ್ ನಾನು ಕೇಳಿರಲಿಲ್ಲ. ನೇಣು ಹಗ್ಗ ಹೊಸೆದವನೇ ಅದರ ಗಂಟಿನ ಅಂದಕ್ಕೆ ತಲೆದೂಗಿದ ಹಾಗಿತ್ತು ನನ್ನ ಸ್ಥಿತಿ. ಆ ಗಳಿಗೆಯಲ್ಲೂ ನನ್ನ ಮುಖ ಆಸಕ್ತಿ ಇರುವ ಥರವೇ ಇತ್ತು ಎಂದು ಆಮೇಲೆ ವಿಡಿಯೋ ನೋಡಿದವರು ಹೇಳಿದರು.

‘ಹಿಸ್ ವೈಫ್ ಪುಟ್ಸ್ ಅಪ್ ವಿತ್ ಹಿಮ್.’

‘ಮೇಡಂ ಅವರನ್ನ ಸಹಿಸ್ಕೊಂಡಿದಾರೆ.’

ಹೆಂಗಸರ ಸಾಲಿನಿಂದ ಪ್ರತ್ಯೇಕ ಚಪ್ಪಾಳೆ ಬಂತು.

ಕೊನೆಯ ವಾಕ್ಯಕ್ಕೆ ಇಬ್ಬರೂ ಜಾಗ ಬದಲಾಯಿಸಿಕೊಂಡರು. ನವ್ಯಾ ಮೈಕಿನ ಮುಂದೆ ಬಂದಳು. ಅವಳ ದನಿ ಸಣ್ಣಗಿತ್ತು.

‘ವೆನ್ ಸರ್ ಗೋಸ್ ಔಟ್, ಹಿಸ್ ಡಾಟರ್ ಈಸ್ ಸ್ಲೀಪಿಂಗ್. ವೆನ್ ಹಿ ಕಮ್ಸ್ ಬ್ಯಾಕ್, ಶಿ ಈಸ್ ಸ್ಲೀಪಿಂಗ್. ಶಿ ಈಸ್ ಗ್ರೋಯಿಂಗ್ ಅಪ್. ಹಿ ನೋಸ್ ಅಸ್ ಬೆಟರ್ ದ್ಯಾನ್ ಹರ್.’

ದುಶ್ಯಂತ್ ನನ್ನ ಕಡೆ ನೋಡಿದ, ನೆಲ ನೋಡಿದ.

‘ಅರ್ಥ ಹೇಳಲೋ!’ ಎಂದು ಕರಿಯಣ್ಣ ಕೆಳಗಿನಿಂದ ಕೂಗಿದರು. ಅವರಿನ್ನೂ ನಗುತ್ತಲೇ ಇದ್ದರು.

‘ಸರ್ ಹೊರಡುವಾಗ ಮಗಳು ಮಲಗಿರ್ತಾಳೆ,’ ಎಂದ ದುಶ್ಯಂತ್. ‘ಬರುವಾಗ್ಲೂ ಮಲಗಿರ್ತಾಳೆ. ಅವಳು ಹಂಗೇ ದೊಡ್ಡೋಳಾಗ್ತಿದಾಳೆ. ಸರ್‌ಗೆ ಅವಳಿಗಿಂತ ನಾವೇ ಚೆನ್ನಾಗಿ ಗೊತ್ತು.’

ಯಾರೂ ನಗಲಿಲ್ಲ. ಎಲ್ಲರೂ ತಿರುಗಿ ಹಿಂದಿನ ಸಾಲು ನೋಡಿದರು. ಶೀಲಾಳ ಹೆಗಲ ಮೇಲೆ ಇಂಪನಾ ಬಾಯಿ ಅರೆತೆರೆದು ಗಾಢ ನಿದ್ದೆಯಲ್ಲಿದ್ದಳು. ಓನರ್ ಭಾಷಣಕ್ಕೆ ಮಲಗಿದವಳು ಎದ್ದೇ ಇರಲಿಲ್ಲ! ವಾಕ್ಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಕಾರ್ಯಕ್ರಮ ಮುಗಿದ ಮೇಲೆ ಓನರ್ ಕೋಣೆಗೆ ಕರೆ ಬಂತು. ಚಂದ್ರಹಾಸ ಸರ್ ಕೂಗಾಡುತ್ತಾರೆ ಎಂದುಕೊಂಡು ಹೋದರೆ, ಮನುಷ್ಯ ನಗುತ್ತಿದ್ದಾರೆ. ಪಕ್ಕದಲ್ಲಿ ಕರಿಯಣ್ಣ ನಿಂತಿದ್ದರು.

‘ನಮ್ಮ ಹುಡುಗ ಮನೇಲಿ ಉಪ್ಪು ಬೇಕು ಅಂತ್ಲೂ ಬಾಯಿ ಬಿಡಲ್ಲ ಸರ್,’ ಎನ್ನುತ್ತಿದ್ದರು ಕರಿಯಣ್ಣ. ‘ಇವತ್ತು ಹೆಂಗ್ ಮಾತಾಡ್ದ! ನಮ್ಮ ತಮ್ಮನ ಇಬ್ಬರು ಮಕ್ಕಳನ್ನೂ ಸೇರಿಸ್ಕೊಳ್ಳಿ. ಇದೇ ಮೇಷ್ಟ್ರ ಹತ್ರಾನೇ ಬಿಡ್ಬೇಕು. ವಿಡಿಯೋ ಆಗ್ಲೇ ಸ್ಟೇಟಸ್ ಹಾಕಿದೀನಿ.’

ಅವರು ಹೋದರು. ನನ್ನೊಳಗೆ ಸತ್ತುಹೋಗಿದ್ದ ಭದ್ರಾವತಿ ಮೆಲ್ಲಗೆ ಕಣ್ಣುಬಿಟ್ಟಿತು.

‘ಸರ್, ಹಾಗಾದ್ರೆ ಬ್ರಾಂಚ್...’

‘ಕಾಂತರಾಜ್‌ಗೆ ಕೊಟ್ಟಿದೀನಿ.’

‘ಸರ್! ಅವರ ಮಕ್ಕಳು ಅತ್ರು!’

‘ಅತ್ರು. ನನ್ನ ಬೈಲಿಲ್ಲ. ನೋಡಿ ಯೋಗರಾಜ್, ಭದ್ರಾವತೀಲಿ ನಿಮಗೆ ಧೈರ್ಯ ಜಾಸ್ತಿ ಅಂತ ನಿಮ್ಮ ಸ್ಟೂಡೆಂಟ್ಸೇ ಹೇಳಿದ್ರು. ಅಂಥವರನ್ನ ಅಲ್ಲಿ ಇನ್‌ಚಾರ್ಜ್ ಮಾಡಿ ನಾನು ನೆಮ್ಮದಿಯಾಗಿರ್ಲಾ? ನೀವು ಇಲ್ಲೇ ಚೆನ್ನಾಗಿರ್ತೀರಿ. ಇನ್ನು ಮುಂದೆ ಎಲ್ಲಾ ಬ್ಯಾಚಿಗೂ ನೀವೇ ಬೇಕು. ಪಾಠ ಹೇಳೋಕಲ್ಲ, ಪಾಠ ಆಗೋಕೆ!’

ಹೀಗೆ ನಾನು ಮೇಷ್ಟ್ರ ಹುದ್ದೆಯಿಂದ ಪಠ್ಯದ ಹುದ್ದೆಗೆ ಬಡ್ತಿ ಹೊಂದಿದೆ.

ಅಷ್ಟರಲ್ಲಿ ಬಾಗಿಲಲ್ಲಿ ಶೀಲಾ ಕಾಣಿಸಿದಳು, ಮಗು ಹೆಗಲ ಮೇಲೆ ಹಾಗೇ ಇತ್ತು. ಚಂದ್ರಹಾಸ ಸರ್ ಎದ್ದು ಕುರ್ಚಿ ತೋರಿಸಿದರು. ನನಗೆ ಈವರೆಗೆ ತೋರಿಸದಿದ್ದ ಕುರ್ಚಿ!

‘ಮೇಡಂ, ಇಷ್ಟೆಲ್ಲ ಮಾಹಿತಿ ನಿಮ್ಮದೇ ಅಂತೆ?’

‘ಮಾಹಿತಿ ನಂದು, ಇಂಗ್ಲಿಷ್ ಅವರ ಮಕ್ಕಳದ್ದು ಸರ್. ಮುಂದಿನ ಬ್ಯಾಚಿಗೆ ಹೊಸದು ಬೇಕಾಗುತ್ತಲ್ಲ?’

‘ಬೇಕೇ ಬೇಕು! ಪ್ರತಿ ಭಾನುವಾರ ಬಂದು ಮಕ್ಕಳ ಜೊತೆ ಕೂತು ಮಾತಾಡೋಕೆ ಆಗುತ್ತಾ?’

‘ಬರ್ತೀನಿ. ಬಿಎ ಆಗಿದೆ ನಂದು. ಸಂಬಳ ಅಂತ ಬರೆದುಕೊಡ್ಬೇಕು ಸರ್, ಗೌರವಧನ ಅಲ್ಲ. ಮತ್ತೆ ಭಾನುವಾರ ಇವರನ್ನ ಪಾಂಪ್ಲೆಟ್‌ಗೆ ಕಳಿಸೋ ಹಾಗಿಲ್ಲ. ಮಗು ನೋಡ್ಕೊಳ್ಳೋಕೆ ಮನೇಲಿ ಜನ ಬೇಕಲ್ಲ.’

‘ಆಯ್ತು ಮೇಡಂ.’

ಆಯ್ತು! ತಂದಿಟ್ಟ ಚಹಾ ಇನ್ನೂ ಆರಿರಲಿಲ್ಲ. ನಾನು ಇಷ್ಟು ವರ್ಷ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಅಭ್ಯಾಸ ಮಾಡಿ, ದಿನಾ ಸಂಜೆ ನುಂಗಿಕೊಂಡು ಮರಳುತ್ತಿದ್ದ ಮಾತನ್ನು ಇವಳು ಮಗುವನ್ನು ಎಡಹೆಗಲಿನಿಂದ ಬಲಹೆಗಲಿಗೆ ಬದಲಾಯಿಸುವಷ್ಟರಲ್ಲಿ ಮುಗಿಸಿದ್ದಳು.

ವಾಪಸ್ ಬಸ್ಸಿನಲ್ಲಿ ನಾನು ಮುಖ ದಪ್ಪ ಮಾಡಿಕೊಂಡು ಕೂತಿದ್ದೆ. ಕೊನೆಗೆ ತಡೆಯಲಾಗಲಿಲ್ಲ.

‘ಊರ ಮುಂದೆ ಮಾನ ಕಳೆದೆಯಲ್ಲೇ! ಏನಿದ್ರೂ ನನ್ನ ಹತ್ರಾನೇ ಹೇಳ್ಬಹುದಿತ್ತಲ್ಲ!’

ಶೀಲಾ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು. ‘ಇಷ್ಟು ವರ್ಷ ನಿಮ್ಮ ಹತ್ರಾನೇ ಹೇಳಿದ್ದು ಕಣ್ರೀ. ಕನ್ನಡದಲ್ಲಿ ಹೇಳಿದೆ, ನಿಮಗೆ ಕೇಳಿಸಲಿಲ್ಲ. ಇವತ್ತು ಅದನ್ನೇ ಮಕ್ಕಳು ಇಂಗ್ಲಿಷಲ್ಲಿ ಹೇಳಿದ್ರು. ನೀವು ವ್ಯಾಕರಣ ಸರಿ ಇದೆ ಅಂತ ತಲೆ ಆಡಿಸ್ತಾ ಕೂತಿದ್ರಿ. ನಾನು ನೋಡಿದೆ.’

ಟಿಕೆಟ್ ಕೊಡಲು ಬಂದ ಕಂಡಕ್ಟರ್ ನನ್ನ ಮುಖ ನೋಡಿ, ಮೊಬೈಲು ನೋಡಿ, ಮತ್ತೆ ನನ್ನ ಮುಖ ನೋಡಿ, ‘ಸರ್, ನೀವೇ ಅಲ್ವಾ?’ ಎಂದ. ನಾನು ಅಲ್ಲ ಎಂದೆ. ಶೀಲಾ ಹೌದು ಎಂದಳು.

ಮುಂದಿನ ಭಾನುವಾರ ಶೀಲಾ ಇಸ್ತ್ರಿ ಮಾಡಿದ ಸೀರೆ ಉಟ್ಟು, ‘ಅನ್ನ ಮಾಡಿಟ್ಟಿದೀನಿ, ಸಾರು ಬಿಸಿ ಮಾಡ್ಕೊಳ್ಳಿ’ ಎಂದು ಶಿವಮೊಗ್ಗದ ಬಸ್ಸು ಹತ್ತಿದಳು. ನನ್ನನ್ನು ಹೊಸ ಬ್ಯಾಚಿಗೆ ವಿವರಿಸಲು! ಅಂತೂ ನನಗೆ ಬೇಕಾಗಿದ್ದದ್ದು ಸಿಕ್ಕಿತ್ತು. ಇನ್‌ಚಾರ್ಜ್ ಆಗದಿದ್ದರೇನು, ಹಗಲು ಹೊತ್ತಿನಲ್ಲಿ ನನ್ನ ಮನೆಯಲ್ಲಿ ನಾನಿದ್ದೆ. ಸ್ನಾನ ಮಾಡಿ, ತಲೆ ಬಾಚಿ, ಹಜಾರದ ಕುರ್ಚಿಯಲ್ಲಿ ಕೂತು ಮಗಳು ಏಳುವುದನ್ನೇ ಕಾದೆ.

ಇಂಪನಾ ಎದ್ದಳು. ಕಣ್ಣುಜ್ಜುತ್ತ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಹಗಲ ಬೆಳಕಿನಲ್ಲಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಾನು ಎರಡೂ ಕೈ ಚಾಚಿದೆ. ಅವಳು ಒಳಗೆ ಹೋದಳು. ಅಡುಗೆಮನೆಯಲ್ಲಿ ಏನೋ ಸದ್ದಾಯಿತು. ಒಂದು ಲೋಟ ನೀರನ್ನು ಎರಡೂ ಕೈಯಲ್ಲಿ ಹಿಡಿದು, ದಾರಿಯುದ್ದಕ್ಕೂ ಚೆಲ್ಲುತ್ತ ತಂದು ನನ್ನ ಮುಂದಿಟ್ಟಳು. ಕರೆಂಟ್ ಬಿಲ್ಲಿನವರು ಬಂದಾಗ, ಗ್ಯಾಸಿನವರು ಬಂದಾಗ ಹೇಗೆ ನಡೆದುಕೊಳ್ಳಬೇಕೆಂದು ಅವಳ ಅಮ್ಮ ಚೆನ್ನಾಗಿ ಕಲಿಸಿದ್ದಳು.

‘ಅಮ್ಮ ಇಲ್ಲ. ಆಮೇಲೆ ಬನ್ನಿ,’ ಎಂದಳು.

‘ನಾನು ಅಪ್ಪ ಕಣೇ ಪುಟ್ಟಿ!’

‘ಗೊತ್ತು,’ ಎಂದಳು ಇಂಪನಾ. ‘ಅಮ್ಮ ಇಲ್ಲ. ಆಮೇಲೆ ಬನ್ನಿ.’